ಕುವೆಂಪುನಗರದ ಪಿಸ್ತೂಲು ತರಬೇತಿ ಕೇಂದ್ರ: ಪಾಠ ಗಟ್ಟಿ, ಸೌಕರ್ಯ ಅರೆಬರೆ

ಮೈಸೂರಿನ ಕುವೆಂಪುನಗರದಲ್ಲಿ, ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಡೆಯುತ್ತಿರುವ ಹತ್ತು ಮೀಟರ್ ಏರ್ ಪಿಸ್ತೂಲು (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಪಿಸ್ತೂಲು) ಕೇಂದ್ರದಲ್ಲಿ ನನ್ನ ಮಗಳು ಕಳೆದ ಬೇಸಿಗೆ ರಜೆಯಿಂದ ಕಲಿಯುತ್ತಿದ್ದಾಳೆ. ಮಕ್ಕಳನ್ನು ಸೇರಿಸುವ ಯೋಚನೆಯಲ್ಲಿರುವ ಮೈಸೂರು, ಮಂಡ್ಯದ ಪೋಷಕರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಕೇಂದ್ರದ ನಿಜವಾದ ಬಲ ಅಲ್ಲಿನ ತರಬೇತುದಾರರ ಪಾಠಕ್ರಮ. ಭಾನುವಾರದ ತರಗತಿಯಲ್ಲಿ ಅವರು ಯಾರಾದರೊಬ್ಬ ಶೂಟರ್‌ನ ವೃತ್ತಿಜೀವನವನ್ನು ಎತ್ತಿಕೊಂಡು, ಅಂಕಪಟ್ಟಿಯನ್ನು ಮುಂದಿಟ್ಟುಕೊಂಡೇ ಮಕ್ಕಳಿಗೆ ವಿವರಿಸುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಫ್ರಾನ್ಸಿನ ಝಾಂ ಕಿಕಾಂಪ್ವಾ ಅವರ ಪಾಠ. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಅವರ ಸ್ಪರ್ಧೆ. ಫೈನಲ್‌ನಲ್ಲಿ ತೋಳನ್ನು ಕೆಳಗಿಳಿಸಿ ನಿಂತು, ಸೂಚನೆ ಬಂದೊಡನೆ ಎತ್ತಿ, ನಾಲ್ಕೇ ಸೆಕೆಂಡಿನಲ್ಲಿ ಐದು ಗುರಿಗಳಿಗೆ ಒಂದೊಂದು ಗುಂಡು ಹೊಡೆಯಬೇಕು, ಗುರಿಯ ನಡುವಿಗೆ ಹತ್ತಿರ ಬಿದ್ದ, 9.7 ಅಥವಾ ಅದಕ್ಕಿಂತ ಹೆಚ್ಚು ಅಂಕದ ಹೊಡೆತ ಮಾತ್ರ ಲೆಕ್ಕಕ್ಕೆ ಬರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಇನ್ನೂ 20ರ ಹರೆಯದಲ್ಲಿದ್ದ ಕಿಕಾಂಪ್ವಾ 40 ಗುಂಡುಗಳಲ್ಲಿ 30 ತಗುಲಿಸಿ ಬೆಳ್ಳಿ ಗೆದ್ದರು. 2012ರ ಲಂಡನ್‌ನಲ್ಲಿ ನಮ್ಮ ವಿಜಯ್ ಕುಮಾರ್ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಾಗಲೂ ಲೆಕ್ಕ 30 ಆಗಿತ್ತು. ಲಂಡನ್‌ನಲ್ಲಿ ಕ್ಯೂಬಾದ ಲ್ಯೂರಿಸ್ ಪುಪೊ, ರಿಯೊದಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ರೈಟ್ಜ್ ಚಿನ್ನ ಗೆದ್ದದ್ದು ತಲಾ 34ರಿಂದ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಕಿಕಾಂಪ್ವಾ ಅದೇ 34ನ್ನು ಮುಟ್ಟಿ ಚಿನ್ನ ಗೆದ್ದು, ಒಲಿಂಪಿಕ್ ದಾಖಲೆಯನ್ನು ಸರಿಗಟ್ಟಿದರು. 29 ಗಳಿಸಿದ ಪುಪೊ ಅವರಿಗೆ ಬೆಳ್ಳಿ ಬಂತು.

ಬೆಳ್ಳಿಗೂ ಚಿನ್ನಕ್ಕೂ ನಡುವೆ ನಾಲ್ಕು ಗುಂಡು, ಅದಕ್ಕಾಗಿ ಐದು ವರ್ಷ ಎಂದು ಹೇಳಿದ ತರಬೇತುದಾರರು, ಆ ದಿನ ಒಂದು ಪೆಲೆಟ್ಟನ್ನೂ (ಏರ್ ಪಿಸ್ತೂಲಿನ ಸಣ್ಣ ಗುಂಡು) ಕೊಡದೆ, ಖಾಲಿ ಪಿಸ್ತೂಲು ಹಿಡಿದು ತೋಳೆತ್ತುವುದನ್ನಷ್ಟೇ ಮಾಡಿಸಿದರು. ನನ್ನ ಮಗಳ ಮಣಿಕಟ್ಟಿನ ಬಳಿ ಬಂದು, "ಪುಟ್ಟೀ, ಕೈ ನಿಂತ ಮೇಲೆ ಟ್ರಿಗರ್ ಹುಡುಕಬೇಡ, ಏಳುವಾಗಲೇ ಬೆರಳು ಅರ್ಧ ಭಾರ ತಗೊಂಡಿರಲಿ" ಎಂದು ತೋರಿಸಿಕೊಟ್ಟರು. ಗುಂಡಿಲ್ಲದ ಈ ಅಭ್ಯಾಸದಿಂದ ಮಕ್ಕಳಿಗೆ ಬೇಸರವಾಗುತ್ತದೆ ಎಂದು ಕೆಲವು ಪೋಷಕರು ಗೊಣಗುವುದುಂಟು. ನನಗಂತೂ ಕೊಟ್ಟ ಹಣ ಸಾರ್ಥಕವೆನಿಸುವುದು ಇಂಥ ದಿನಗಳಲ್ಲೇ.

ನಿಯಮಗಳ ವಿಷಯದಲ್ಲೂ ಇಲ್ಲಿ ಸಡಿಲಿಕೆ ಇಲ್ಲ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ ತೂಕದ ಕಲ್ಲನ್ನು ಸಿಕ್ಕಿಸಿ ಎತ್ತಿ, ಟ್ರಿಗರ್ ಬಿಟ್ಟುಕೊಳ್ಳದೆ ಕಲ್ಲು ಮೇಲೇಳುತ್ತದೆಯೇ ಎಂದು ಮಕ್ಕಳ ಕೈಯಿಂದಲೇ ಪರೀಕ್ಷೆ ಮಾಡಿಸುತ್ತಾರೆ. ಪೆಲೆಟ್ ಸೀಸದ್ದಾದುದರಿಂದ, ಕೈ ತೊಳೆಯದೆ ತಿಂಡಿ ಡಬ್ಬಿ ತೆಗೆಯುವಂತಿಲ್ಲ.

ಕೊರತೆಗಳು ಸಣ್ಣವಲ್ಲ. ಎಲ್ಲ ಲೇನ್‌ಗಳಲ್ಲೂ ಕಾಗದದ ಟಾರ್ಗೆಟ್ಟೇ ಇದ್ದು, ರಾಟೆ ತಿರುಗಿಸಿ ತರಿಸಿ ನೋಡುವಷ್ಟರಲ್ಲಿ ಏಕಾಗ್ರತೆ ಕದಡುತ್ತದೆ. ಇಂದಿನ ಸ್ಪರ್ಧೆಗಳು ನಡೆಯುವುದು ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ. 60 ಗುಂಡು, 75 ನಿಮಿಷ ಎಂಬ ಅರ್ಹತಾ ಸುತ್ತಿನ ಲಯ ಇಲ್ಲಿ ಮೈಗೂಡುವುದಿಲ್ಲ. ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿಲಿಮೀಟರ್ ಇರುವಾಗ, ಕೊನೆಯ ಎರಡು ಲೇನ್‌ಗಳ ಮಂಕು ಬೆಳಕನ್ನು ಸರಿಪಡಿಸದೆ ಬಿಟ್ಟಿರುವುದು ಒಪ್ಪತಕ್ಕದ್ದಲ್ಲ. ಈ ಬಗ್ಗೆ ಮಾಲೀಕರಿಗೆ ಹೇಳಿದ್ದೇವೆ. "ಮಾಡಿಸ್ತೀನಿ ಸರ್" ಎಂಬ ಉತ್ತರವೇ ಇನ್ನೂ ಬರುತ್ತಿದೆ.

ಕಿಕಾಂಪ್ವಾ ಅವರ ಸ್ಪರ್ಧೆಯನ್ನೇ ಕಲಿಯಬೇಕೆಂಬ ಮಕ್ಕಳಿಗೆ ಇಲ್ಲಿ ದಾರಿಯಿಲ್ಲ, ಏಕೆಂದರೆ ಅದಕ್ಕೆ ಮದ್ದುಗುಂಡಿನ .22 ಪಿಸ್ತೂಲು, ಅದರ ಪರವಾನಗಿ ಮತ್ತು 25 ಮೀಟರ್ ರೇಂಜ್ ಬೇಕು. ಆದರೆ ಏರ್ ಪಿಸ್ತೂಲಿನಲ್ಲೇ ಮುಂದುವರಿಯುವವರಿಗೂ ಫ್ರಾನ್ಸಿನಿಂದಲೇ ಮಾದರಿಯಿದೆ: 2000ದ ಸಿಡ್ನಿಯಲ್ಲಿ ಫ್ರಾಂಕ್ ಡ್ಯುಮುಲಾಂ ಚಿನ್ನ ಗೆದ್ದದ್ದು ಈ ಹತ್ತು ಮೀಟರಿನಲ್ಲೇ. ತರಬೇತುದಾರರು ಮುಂದಿನ ಪಾಠಕ್ಕೆ ಅವರನ್ನೇ ಆರಿಸಿಕೊಂಡಿದ್ದಾರೆ.

ಮೊದಲ ಎರಡು ಮೂರು ವರ್ಷದ ಬುನಾದಿಗೆ ಈ ಕೇಂದ್ರವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮಂಡ್ಯದಿಂದ ರೈಲಿನಲ್ಲಿ ಬರುವ ಮಕ್ಕಳಿಗಾಗಿ ಭಾನುವಾರದ ತಂಡವನ್ನು ತಡವಾಗಿ ಆರಂಭಿಸುತ್ತಾರೆ. ಎಡಗೈಯವರಿಗೆ ಹೊಂದುವ ಹಿಡಿಕೆಯ ಪಿಸ್ತೂಲು ಒಂದೇ ಇರುವುದರಿಂದ, ಸೇರುವ ಮೊದಲೇ ಅದು ಬಿಡುವಿರುವ ವೇಳೆಯನ್ನು ಕೇಳಿಕೊಳ್ಳಿ.