ಸೆಲೆಯ ದಂಡೆ, ಸುಣ್ಣಕಲ್ಲಿನ ಹಾದಿ: ಫ್ರಾನ್ಸಿನ ಒಂದು ಗ್ರ್ಯಾವೆಲ್ ಸೈಕಲ್ ಸೇವೆಯ ವಿಮರ್ಶೆ

ಕಳೆದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನೂ ಕಲಬುರಗಿಯಲ್ಲಿರುವ ನನ್ನ ಷಡ್ಡಕನೂ ನೈರುತ್ಯ ಫ್ರಾನ್ಸಿನ ಫಿಜಾಕ್ ಎಂಬ ಊರಿನಿಂದ ಕಾಓರ್ ಪಟ್ಟಣದವರೆಗೆ, ಸೆಲೆ ಮತ್ತು ಲೊಟ್ ನದಿಗಳ ಕಣಿವೆ ಹಿಡಿದು, ನಾಲ್ಕು ದಿನ ಸೈಕಲ್ ತುಳಿದೆವು. ಅಲ್ಲಿನ ಒಂದು ಸಣ್ಣ ಸಂಸ್ಥೆ ತಲಾ 690 ಯೂರೊ ಪಡೆದು ಒದಗಿಸಿದ್ದು ಇಷ್ಟು: ಎರಡು ಗ್ರ್ಯಾವೆಲ್ ಸೈಕಲ್ಲು, ಫೋನಿಗೆ ಇಳಿಸಿಕೊಳ್ಳುವ ಜಿಪಿಎಕ್ಸ್ ಹಾದಿ (ಸಾಗಬೇಕಾದ ದಾರಿಯನ್ನು ನಕ್ಷೆಯ ಮೇಲೆ ತೋರಿಸುವ ಕಡತ), ಅದಕ್ಕೊಂದು ಕೈಪಿಡಿ, ರಾತ್ರಿ ತಂಗಲು ಯಾತ್ರಿಕರ ವಸತಿಗೃಹಗಳು, ಸಂಜೆಯ ಊಟ, ಹಾಗೂ ಬೆಳಿಗ್ಗೆ ನಾವು ಬಿಟ್ಟುಹೋದ ಬ್ಯಾಗುಗಳನ್ನು ಮುಂದಿನ ಊರಿಗೆ ಮುಟ್ಟಿಸುವ ವ್ಯಾನು. ಮಾರ್ಗದರ್ಶಕರು ಜೊತೆಗೆ ಬರುವುದಿಲ್ಲ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೀದರ್, ಕಲಬುರಗಿ ಕಡೆಯ ಸೈಕಲ್ ಸವಾರರು ನನ್ನನ್ನು ಕೇಳುತ್ತಿರುವುದು, ಇಂಥ ಸೇವೆಗೆ ಅಷ್ಟು ಹಣ ಕೊಡಬಹುದೇ, ಕೊಟ್ಟರೆ ಅದು ಯಾವುದಕ್ಕೆ ಸಂದಂತಾಯಿತು ಎಂಬುದನ್ನು.

ಗ್ರ್ಯಾವೆಲ್ ಸೈಕಲ್ ಎಂದರೆ ರೇಸಿಂಗ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ ಉಳ್ಳ, ಆದರೆ ಅದಕ್ಕಿಂತ ಅಗಲವಾದ ಟೈರು ಕೂಡುವಂತೆ ಫ್ರೇಮಿನಲ್ಲಿಯೂ ಫೋರ್ಕಿನಲ್ಲಿಯೂ ಜಾಗ ಬಿಟ್ಟ ಸೈಕಲ್ಲು. ನಮಗೆ ಸಿಕ್ಕ ಎರಡರಲ್ಲೂ 42 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರು, ಡಿಸ್ಕ್ ಬ್ರೇಕು, ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನವರೆಗಿನ 11 ಗೇರುಗಳಿದ್ದವು. ಗಾಳಿಯ ಒತ್ತಡವನ್ನು 35 ಪಿಎಸ್‌ಐಗೆ ಇಳಿಸಿಕೊಟ್ಟಾಗ ನನ್ನ ಷಡ್ಡಕ, ಇಷ್ಟು ಮೆತ್ತಗಿದ್ದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ ಎಂದು ವಾದಿಸಿದ. ಮೊದಲ ಇಳಿಜಾರಿನಲ್ಲಿ ಬಿಡಿಕಲ್ಲುಗಳ ಮೇಲೆ ಟೈರು ಹಿಡಿತ ಬಿಡದೆ ಇಳಿದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಸೆಲೆ ಎಂಬ ನದಿಯ ಹೆಸರಿಗೂ ನಮ್ಮ ನೀರಿನ ಸೆಲೆಗೂ ಯಾವ ನಂಟೂ ಇಲ್ಲ, ಆದರೂ ಕನ್ನಡದ ಕಿವಿಗೆ ಆ ಹೆಸರು ಪರಕೀಯವೆನಿಸುವುದಿಲ್ಲ. ಕಣಿವೆಯ ತಳದಲ್ಲಿ ಡಿ-41 ಎಂಬ ಡಾಂಬರು ರಸ್ತೆಯಿದ್ದು, ಅದನ್ನೇ ಹಿಡಿದಿದ್ದರೆ ನಾವು ಎರಡು ದಿನ ತೆಗೆದುಕೊಂಡ ದೂರವನ್ನು ಅರ್ಧ ದಿನದಲ್ಲಿ ಮುಗಿಸಬಹುದಿತ್ತು. ಸಂಸ್ಥೆ ಕೊಟ್ಟ ಹಾದಿಯಾದರೋ ಆ ರಸ್ತೆಯನ್ನು ದಾಟುತ್ತದೆಯೇ ಹೊರತು ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ: ವಾಲ್ನಟ್ ತೋಟದ ಅಂಚಿನಲ್ಲಿ ಹೊರಟು, ಓಕ್ ಮರಗಳ ಕಾಡಿನೊಳಗೆ ಬಂಡಿ ಜಾಡಿನಲ್ಲಿ ಏರಿ, ಮರದ ಚೌಕಟ್ಟಿನ ಗಂಟೆಗೋಪುರವುಳ್ಳ ಎಸ್ಪಾನ್ಯಾಕ್ ಎಂಬ ಪುಟ್ಟ ಊರಿಗೆ ಇಳಿದು, ಅಲ್ಲಿಂದ ಮತ್ತೆ ಏರಿ, ಪಾಳುಬಿದ್ದ ಮಠವನ್ನು ಮಡಿಲಲ್ಲಿಟ್ಟುಕೊಂಡ ಮಾರ್ಸಿಯಾಕ್‌ಗೆ ತಲುಪಿಸುತ್ತದೆ. ಎರಡನೆಯ ದಿನ ಕಾಬ್ರೆರೆಯ ಬಳಿ ಪೆಶ್ ಮೆರ್ಲ್ ಗುಹೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಹಾದಿಯನ್ನು ಮೊಟಕುಗೊಳಿಸಿದ್ದರು. 1922ರಲ್ಲಿ ಊರಿನ ಹುಡುಗರು ಕಂಡುಹಿಡಿದ ಆ ಗುಹೆಯ ಗೋಡೆಯಲ್ಲಿರುವ ಚುಕ್ಕೆ ಕುದುರೆಗಳಿಗೆ ಸುಮಾರು 29,000 ವರ್ಷವಾಗಿದೆ. ದಿನಕ್ಕೆ ಇಂತಿಷ್ಟೇ ಜನರನ್ನು ಒಳಗೆ ಬಿಡುವುದರಿಂದ ಟಿಕೆಟ್ಟನ್ನು ವಾರ ಮೊದಲೇ ಕಾಯ್ದಿರಿಸಿ ಎಂದು ಕೈಪಿಡಿ ದಪ್ಪಕ್ಷರದಲ್ಲಿ ಎಚ್ಚರಿಸಿತ್ತು. ಹಾಗೆ ಮಾಡದೆ ಬಂದಿದ್ದ ಒಂದು ಕುಟುಂಬ ಬಾಗಿಲಲ್ಲಿಯೇ ಹಿಂದಿರುಗಿದ್ದನ್ನು ನಾವು ನೋಡಿದೆವು.

ಬೂಜಿಯೆಸ್ ಊರಿನ ಬಳಿ ಲೊಟ್ ನದಿಯ ದಡದ ಕಡಿದಾದ ಬಂಡೆಯನ್ನು ಕೊರೆದು, ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯಲೆಂದು 19ನೇ ಶತಮಾನದಲ್ಲಿ ಮಾಡಿದ ಕಾಲುದಾರಿಯಿದೆ. ತಲೆಯ ಮೇಲೆ ಬಂಡೆ ಚಾಚಿಕೊಂಡಿರುವ ಆ ದಾರಿಯಲ್ಲಿ ನಡೆಯುವವರೇ ಬಹಳವಿದ್ದುದರಿಂದ ನಾವು ಸೈಕಲ್ಲನ್ನು ತಳ್ಳಿಕೊಂಡೇ ಹೋದೆವು. ನದಿಯಿಂದ ಸುಮಾರು 100 ಮೀಟರ್ ಎತ್ತರದ ಬಂಡೆಗೆ ಅಂಟಿಕೊಂಡ ಸೆಂ-ಸೀರ್-ಲಾಪೊಪಿಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಊರು ಚೆಲುವಾಗಿದೆ, ಪ್ರವಾಸಿಗರು ಊರಿಗಿಂತ ಹೆಚ್ಚಿದ್ದಾರೆ.

ನನ್ನ ಮಟ್ಟಿಗೆ ಈ ಪ್ರವಾಸದ ಸಾರವೆಲ್ಲ ಇದ್ದದ್ದು ಮೂರನೆಯ ದಿನದಲ್ಲಿ. ಅಂದು ಕಣಿವೆಯನ್ನು ಬಿಟ್ಟು, ಅಲ್ಲಿಯವರು ಕೋಸ್ ಎಂದು ಕರೆಯುವ ಸುಣ್ಣಕಲ್ಲಿನ ಬಯಲನ್ನು ಏರಿದೆವು. ಕುಳ್ಳ ಓಕ್ ಮರಗಳು, ಹೊಲದಿಂದ ಆರಿಸಿದ ಕಲ್ಲುಗಳನ್ನು ಗಾರೆಯಿಲ್ಲದೆ ಪೇರಿಸಿದ ಗೋಡೆಗಳು, ಅದೇ ಕಲ್ಲಿನಿಂದ ಕಟ್ಟಿದ ಗುಂಡನೆಯ ಕುರುಬರ ಗುಡಿಸಲುಗಳು, ಇವುಗಳ ನಡುವೆ ಬೆಳ್ಳಗೆ ಹೊಳೆಯುವ ಕಲ್ಲುಹಾದಿ. ಷಡ್ಡಕ ಒಂದು ಚಪ್ಪಟೆ ಕಲ್ಲನ್ನು ಎತ್ತಿ ನೋಡಿ, “ಅಣ್ಣಾ, ಇದು ನಮ್ಮ ಫರ್ಸಿ ಕಲ್ಲೇ ಅದ ನೋಡ್ರಿ” ಎಂದ. ಫರ್ಸಿ ಎಂದು ಕರೆಯುವ ಶಹಾಬಾದಿನ ಕಲ್ಲೂ ಸುಣ್ಣಕಲ್ಲೇ ಆದ್ದರಿಂದ ಕಲಬುರಗಿಯವನ ಕಣ್ಣು ತಪ್ಪಿರಲಿಲ್ಲ. ಆದರೆ ನನಗೆ ನೆನಪಾದದ್ದು ಬೀದರ್. ಆ ಬಯಲಿನ ಮೇಲೆ ಇಡೀ ದಿನ ತಿರುಗಿದರೂ ಒಂದು ಹಳ್ಳ ಕಾಣುವುದಿಲ್ಲ. ಬಿದ್ದ ಮಳೆಯೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದು, ಕಣಿವೆಯ ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಕಾಓರ್ ಪಟ್ಟಣ ಕುಡಿಯುವುದು ಅಂಥದೇ ಒಂದು ಬುಗ್ಗೆಯ ನೀರನ್ನು. ನಮ್ಮ ಬೀದರ್ ದಿಬ್ಬದ ಜಂಬಿಟ್ಟಿಗೆಯೂ ಮಳೆಯನ್ನು ಹೀಗೆಯೇ ಹೀರಿಕೊಂಡು, ಕೆಳಗಿನ ಗಟ್ಟಿ ಕರಿಕಲ್ಲು ತಡೆದಲ್ಲಿ ಅಂಚಿನಿಂದ ಜಿನುಗಿಸುತ್ತದೆ. ಪಾಪನಾಶದ ಬುಗ್ಗೆಯೂ, ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆಯೂ ಆ ಕಾರಣಕ್ಕೇ ಇವೆ. ನೌಬಾದಿನಲ್ಲಿ ಬಹಮನಿಗಳ ಕಾಲದವರು ನೆಲದಡಿಯ ನೀರನ್ನು ಹರಿಸಿ ತರುವ ಕರೇಜ್ ಸುರಂಗ ತೋಡಿದ್ದೂ ಅದೇ ತಿಳಿವಳಿಕೆಯಿಂದ. ಈ ಹೋಲಿಕೆ ಸವಾರನ ಕೆಲಸಕ್ಕೂ ಬರುತ್ತದೆ: ಮೇಲಿನ ಬಯಲಿನಲ್ಲಿ ನೀರು ಸಿಗುವುದಿಲ್ಲವಾದ್ದರಿಂದ ತಲಾ ಎರಡು ಲೀಟರ್ ಹೊತ್ತುಕೊಂಡೇ ಏರಬೇಕು, ತೀರಿದರೆ ಹಳ್ಳಿಯ ಸ್ಮಶಾನದ ನಲ್ಲಿಯನ್ನು ಹುಡುಕಬೇಕು. ಸ್ಮಶಾನದ ನೀರು ಕುಡಿಯಲು ಷಡ್ಡಕನಿಗೆ ಮನಸ್ಸು ಒಪ್ಪಲಿಲ್ಲ, ಒಂದು ಗಂಟೆಯ ಮಟ್ಟಿಗೆ.

ಇನ್ನು ದೋಷಗಳು. ನನ್ನ ಹಿಂದಿನ ಟೈರಿನೊಳಗೆ ಸೀಲಂಟ್ ಒಣಗಿ ಹೋಗಿತ್ತು. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಚುಚ್ಚಿದ ತೂತನ್ನು ಆ ದ್ರವವೇ ಮುಚ್ಚಬೇಕು. ಕೆಲವು ತಿಂಗಳಿಗೊಮ್ಮೆ ತುಂಬದಿದ್ದರೆ ಅದು ರಬ್ಬರಿನ ಹೆಪ್ಪಾಗಿ ಕೂರುತ್ತದೆ. ಜಾಲಿ ಮುಳ್ಳಿನ ಸೀಮೆಯಿಂದ ಹೋದ ನಾನು ಅಲ್ಲಿ ಬೇಲಿ ಕತ್ತರಿಸಿದಾಗ ಉದುರಿದ ಒಂದು ಸಣ್ಣ ಮುಳ್ಳಿಗೆ ಕಾಡಿನ ನಡುವೆ ಕುಳಿತು ಟ್ಯೂಬು ಹಾಕಬೇಕಾಯಿತು. ಬಾಡಿಗೆ ಸೈಕಲ್ಲನ್ನು ಕೈಗೆತ್ತಿಕೊಂಡ ಕೂಡಲೇ ಚಕ್ರವನ್ನು ಅಲುಗಿಸಿ, ಒಳಗೆ ದ್ರವ ಸುಳಿದಾಡುವ ಸದ್ದು ಕೇಳಿಸುತ್ತದೆಯೇ ಎಂದು ನೋಡುವುದು ಲೇಸು. ಎರಡನೆಯ ದೋಷ ಹೆಚ್ಚಿನದು: ಕೊನೆಯ ದಿನ ಹಾದಿ ಹೊಕ್ಕ ಕಾಡಿನಲ್ಲಿ ಮರ ಕಡಿದು ಸಾಗಿಸಿದ್ದು, ಯಂತ್ರಗಳು ನೆಲವನ್ನು ಮೊಣಕಾಲುದ್ದ ಉತ್ತುಹಾಕಿದ್ದವು. ಅದರ ಮಗ್ಗುಲಿಗೆ ಬೇಟೆ ನಡೆದಿದೆ ಎಂಬ ಫಲಕವೂ ಇತ್ತು. ಸೆಪ್ಟೆಂಬರಿನಲ್ಲಿ ಬೇಟೆಯ ಕಾಲ ಆರಂಭವಾಗುತ್ತದೆ ಎಂಬ ಮಾತು ಕೈಪಿಡಿಯಲ್ಲಿ ಎಲ್ಲಿಯೂ ಇರಲಿಲ್ಲ. ಗುಂಡಿನ ಸದ್ದು ಕೇಳುತ್ತ ಎರಡು ಕಿ.ಮೀ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತದ್ದನ್ನು ಯಾವ ಲೆಕ್ಕದಲ್ಲಿಯೂ ಸವಾರಿ ಎನ್ನಲಾಗದು.

ಊಟದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ ಎಂದು ಮೊದಲೇ ಬರೆದಿದ್ದರೂ ಮೂರು ರಾತ್ರಿ ಆಮ್ಲೆಟ್ಟೇ ಎದುರಿಗೆ ಬಂತು. ರೊಕಾಮದೂರ್ ಎಂಬ ಆಡಿನ ಹಾಲಿನ ಚೀಸು, ಬ್ರೆಡ್ಡು, ವಾಲ್ನಟ್, ಜೊತೆಗೆ ಮನೆಯಿಂದ ಒಯ್ದಿದ್ದ ಶೇಂಗಾ ಹಿಂಡಿ ನಮ್ಮನ್ನು ಕಾಪಾಡಿದವು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಸಂಜೆ ಏನೂ ಸಿಗುವುದಿಲ್ಲ. ಕಟಕ ರೊಟ್ಟಿಯ ಕಟ್ಟೊಂದು ಬ್ಯಾಗಿನಲ್ಲಿದ್ದರೆ ಭಾರವೆನಿಸದು.

ಕಾಓರ್‌ನಲ್ಲಿ, 14ನೇ ಶತಮಾನದ ಮೂರು ಗೋಪುರಗಳ ವಾಲಾಂತ್ರೆ ಸೇತುವೆಯ ಬಳಿ, ಸೈಕಲ್ ಒಪ್ಪಿಸಿ ಟೂಲೂಸ್ ರೈಲು ಹಿಡಿದೆವು. ಒಟ್ಟು ಸುಮಾರು 170 ಕಿ.ಮೀ. ಆಗಿತ್ತು. ಕೊಟ್ಟ ಹಣವನ್ನು ಬಿಡಿಸಿ ನೋಡಿದರೆ ಬ್ಯಾಗಿನ ವ್ಯಾನು ಅನುಕೂಲ, ವಸತಿ ಸಾಧಾರಣ, ಊಟ ನಷ್ಟ, ಹಾದಿಯೊಂದೇ ಬೆಲೆಬಾಳುವಂಥದು. ನಕ್ಷೆ ಬಿಚ್ಚಿಕೊಂಡು ನಾವೇ ಕುಳಿತಿದ್ದರೆ ಡಿ-41ರ ಮೇಲೆಯೇ ಹೋಗುತ್ತಿದ್ದೆವು. ಮತ್ತೆ ಹೋದರೆ ಬೇಟೆಯಿಲ್ಲದ ಮೇ ತಿಂಗಳನ್ನು ಆರಿಸಿಕೊಂಡು, ಸೈಕಲ್ಲಿಗೂ ಹಾದಿಗೂ ಮಾತ್ರ ಹಣ ಕೊಟ್ಟು, ಊಟವನ್ನು ನಾವೇ ನೋಡಿಕೊಳ್ಳುತ್ತೇವೆ.

ಊರಿಗೆ ಬಂದು ದೋಷಗಳನ್ನೆಲ್ಲ ಪತ್ರದಲ್ಲಿ ಬರೆದು ಕಳಿಸಿದೆ. ಊಟದ ಹಣದ ಬಗ್ಗೆ ಅವರಿಂದ ಒಂದು ಮಾತೂ ಬರಲಿಲ್ಲ. ಆದರೆ ನವೆಂಬರಿನಲ್ಲಿ, ಕಡಿದ ಕಾಡನ್ನು ಸುತ್ತಿಹೋಗುವಂತೆ ತಿದ್ದಿದ ಜಿಪಿಎಕ್ಸ್ ಹಾದಿ ಬಂತು. ತಿದ್ದುವ ಮೊದಲು ಆ ಭಾಗವನ್ನು ತಾವೇ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದದ್ದಾಗಿ ಬರೆದಿದ್ದರು.