ಆರಡಿ ದಾಟಿದವರೇ, ಟಿ-ಬಕೆಟ್ ಕಟ್ಟಿಸುವ ಮುಂಚೆ ಇದನ್ನು ಓದಿ

ಆರಡಿ ದಾಟಿದವರು ಯಾರಾದರೂ ಹಾಟ್ ರಾಡ್ (ಹಳೇ ಕಾರಿನ ಬಾಡಿಗೆ ದೊಡ್ಡ ಎಂಜಿನ್ ಕೂರಿಸಿ ಮಾರ್ಪಡಿಸಿದ ಗಾಡಿ) ಕಟ್ಟಿಸಬೇಕು ಅಂತಿದ್ದರೆ, ಅದರಲ್ಲೂ ಟಿ-ಬಕೆಟ್ ಮೇಲೆ ಮನಸ್ಸಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. "ನಿಮ್ಮ ಎತ್ತರಕ್ಕೆ ತಕ್ಕ ಹಾಗೆ ಮಾಡಿಕೊಡುತ್ತೇವೆ" ಅನ್ನುವ ಮಾತನ್ನು ನಂಬಬೇಡಿ. ನನಗೂ ಅದನ್ನೇ ಹೇಳಿದ್ದರು. ಬರೆದೂ ಕೊಟ್ಟಿದ್ದರು. ಅದಕ್ಕೆ ಅಂತಲೇ ಜಾಸ್ತಿ ದುಡ್ಡೂ ತೆಗೆದುಕೊಂಡರು. ಈಗ ನನ್ನ ಗ್ಯಾರೇಜಿನಲ್ಲಿ ಹೊಸ ಗಾಡಿ ನಿಂತಿದೆ, ಅದರಲ್ಲಿ ನಾನೇ ಕೂರುವುದಕ್ಕೆ ಆಗುತ್ತಿಲ್ಲ.

ಅಂಗಡಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದೆ. ವಿಷಯ ಕೋರ್ಟಿಗೆ ಹೋಗುವ ಹಂತದಲ್ಲಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಇಲ್ಲಿ ಹಾಟ್ ರಾಡ್ ಕಟ್ಟುವ ಒಳ್ಳೆಯ ಕೈಗಳು ಬೇಕಾದಷ್ಟಿವೆ. ಪೊಮೋನಾದಲ್ಲಿ ನಡೆಯುವ ಹಾಟ್ ರಾಡ್ ಪ್ರದರ್ಶನ, ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋಗೆ ಹೋದವರಿಗೆ ಇದು ಗೊತ್ತು. ಅಂಥ ಊರಲ್ಲಿ ಇದ್ದುಕೊಂಡು ಹೀಗೆ ಮಾಡಿದರಲ್ಲ ಅನ್ನುವುದೇ ನನ್ನ ಸಿಟ್ಟು.

ಟಿ-ಬಕೆಟ್ ಗೊತ್ತಿಲ್ಲದವರಿಗೆ ಎರಡು ಮಾತು. ಫೋರ್ಡ್ ಮಾಡೆಲ್ ಟಿ ಬಾಡಿ ಇಟ್ಟು ಕಟ್ಟುವ ಹಾಟ್ ರಾಡ್ ಅದು. ಫೋರ್ಡ್ ಮಾಡೆಲ್ ಟಿ 1908ರಿಂದ 1927ರವರೆಗೆ ತಯಾರಾದ ಗಾಡಿ. ಒಂದೂವರೆ ಕೋಟಿಯಷ್ಟು ಬಂದವು. ಆಮೇಲೆ ಹಳೇ ಗಾಡಿಗಳು ಇಲ್ಲಿಯ ಹುಡುಗರಿಗೆ ಅಗ್ಗದಲ್ಲಿ ಸಿಗುತ್ತಿದ್ದವು. 1950ರ ದಶಕದಲ್ಲಿ ನಾರ್ಮ್ ಗ್ರಬೋವ್ಸ್ಕಿ ಅನ್ನುವವರು ಟಿ ಬಾಡಿಯ ಮುಂದಿನ ಅರ್ಧವನ್ನು ಇಟ್ಟುಕೊಂಡು, ಕ್ಯಾಡಿಲಾಕ್ ಎಂಜಿನ್ ಕೂರಿಸಿ ಒಂದು ಗಾಡಿ ಕಟ್ಟಿದರು. ಟಾಮಿ ಐವೊ ಬ್ಯೂಕ್ ಎಂಜಿನ್ ಹಾಕಿ ಇನ್ನೊಂದು ಕಟ್ಟಿದರು. ಇವತ್ತಿನ ಟಿ-ಬಕೆಟ್‌ಗಳೆಲ್ಲ ಆ ದಾರಿಯಲ್ಲೇ ಬಂದವು. ಈಗ ಬಾಡಿ ಹೆಚ್ಚಾಗಿ ಫೈಬರ್‌ಗ್ಲಾಸ್‌ನದು.

ಎತ್ತರದವರಿಗೆ ಕಷ್ಟ ಎಲ್ಲಿ ಬರುತ್ತದೆ ನೋಡಿ. ಹಳೇ ಮಾಡೆಲ್ ಟಿಯಲ್ಲಿ ಪೆಟ್ರೋಲ್ ಟ್ಯಾಂಕು ಹೆಚ್ಚಾಗಿ ಸೀಟಿನ ಅಡಿಯಲ್ಲೇ ಇರುತ್ತಿತ್ತು. ಸೀಟು ಎತ್ತರ, ಜನ ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂರುತ್ತಿದ್ದರು, ಕಾಲು ಕೆಳಕ್ಕೆ ಬರುತ್ತಿತ್ತು. ಹಾಟ್ ರಾಡ್‌ನಲ್ಲಿ ಸೀಟನ್ನು ನೆಲಕ್ಕೆ ಇಳಿಸುತ್ತಾರೆ. ಆಗ ಕಾಲು ಮುಂದಕ್ಕೆ ಚಾಚಲೇಬೇಕು, ಆದರೆ ಬಾಡಿಯ ಉದ್ದ ಮಾತ್ರ ಹಳೆಯದೇ. ಅದರ ಮೇಲೆ ಚಾನಲ್ ಮಾಡುತ್ತಾರೆ, ಅಂದರೆ ಬಾಡಿಯನ್ನು ಚಾಸಿಯ ಮೇಲೆ ಕೆಳಕ್ಕೆ ಇಳಿಸಿ ಕೂರಿಸುತ್ತಾರೆ. ಹೊರಗಿನಿಂದ ಗಾಡಿ ಚೆಂದವಾಗಿ ತಗ್ಗಾಗಿ ಕಾಣುತ್ತದೆ. ಒಳಗೆ ನೆಲ ಮೇಲಕ್ಕೆ ಬರುತ್ತದೆ. ಇದೆಲ್ಲ ಕಟ್ಟುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಗಾಡಿ ಕಟ್ಟಿದವರಿಗೂ ಗೊತ್ತಿತ್ತು. ಮೊದಲ ದಿನ ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದೇ ಅವರು!

ನನ್ನ ಎತ್ತರ ಆರಡಿ ನಾಲ್ಕು ಇಂಚು. ಶೂ ಸೈಜು ಅಮೆರಿಕದ ಲೆಕ್ಕದಲ್ಲಿ 13. ಆ ದಿನವೇ ಮಾಲೀಕ ಟೇಪು ಹಿಡಿದು ನನ್ನ ಕಾಲಿನ ಉದ್ದ, ಸೊಂಟದಿಂದ ಮೊಣಕಾಲಿನ ಅಳತೆ, ಕೂತಾಗ ತಲೆಯ ಎತ್ತರ, ಎಲ್ಲ ಬರೆದುಕೊಂಡ. ಮಾಮೂಲಿ ಬಾಡಿ ನಿಮಗೆ ಸಾಲುವುದಿಲ್ಲ, ಉದ್ದ ಮಾಡಿದ ಬಾಡಿ ತರಿಸುತ್ತೇವೆ ಅಂದ. ಅಂಥ ಬಾಡಿಗಳು ನಿಜವಾಗಿಯೂ ಸಿಗುತ್ತವೆ, ಬಾಗಿಲಿನ ಭಾಗದಲ್ಲಿ ಕೆಲವು ಇಂಚು ಜಾಸ್ತಿ ಇರುತ್ತದೆ. ನನಗೆ ಹೇಳಿದ್ದು ಐದು ಇಂಚು. ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು, ಬೇರೆ ದುಡ್ಡು. ಸರಿಯಾದವರ ಹತ್ತಿರ ಬಂದಿದ್ದೇನೆ ಅಂತ ಅವತ್ತು ಅನ್ನಿಸಿತ್ತು.

ಆಮೇಲೆ ಫೋಟೊಗಳು ಬರುತ್ತಿದ್ದವು. ಚಾಸಿ, ಆಕ್ಸಲ್, ಷೆವಿ (ಷೆವ್ರೊಲೆ) 350 ಎಂಜಿನ್, ಬಣ್ಣ. ಎಲ್ಲ ಹೊರಗಿನಿಂದ ತೆಗೆದವು. ಒಳಗಿನದು ಒಂದೂ ಇಲ್ಲ. "ನಾನೊಂದು ಸಲ ಬಂದು ಕೂತು ನೋಡಲೇ?" ಅಂತ ಕೇಳಿದೆ. "ಈಗ ನೆಲ ಇಲ್ಲ." ಮತ್ತೆ ಕೇಳಿದೆ. "ಬಾಡಿ ಪೇಂಟಿಗೆ ಹೋಗಿದೆ." ಮತ್ತೆ ಕೇಳಿದೆ. "ಅಳತೆ ನಮ್ಮ ಹತ್ತಿರ ಇದೆಯಲ್ಲ, ನೀವು ಯಾಕೆ ಟೆನ್ಷನ್ ಮಾಡಿಕೊಳ್ಳುತ್ತೀರಿ?" ಪ್ರತಿ ಸಲವೂ ಇದೇ. ಕೇಳಿದಾಗಲೆಲ್ಲ ಒಂದು ನೆಪ. ಈ ಉತ್ತರಗಳನ್ನು ನೆನಪಿಟ್ಟುಕೊಳ್ಳಿ, ನಿಮಗೂ ಇವೇ ಬರುತ್ತವೆ. ನಮ್ಮೂರಲ್ಲಿ ಲಾರಿಗೆ ಬಾಡಿ ಕಟ್ಟುವ ಮೇಸ್ತ್ರಿ ಕೂಡ ಡ್ರೈವರನ್ನು ಕೂರಿಸಿ ನೋಡಿಯೇ ಸೀಟು ಹೊಡೆಯುತ್ತಾನೆ. 30,000 ಡಾಲರ್ ದಾಟಿದ ಕೆಲಸದಲ್ಲಿ ಇವರಿಗೆ ಅಷ್ಟು ಮಾಡಲು ಆಗಲಿಲ್ಲ.

ಗಾಡಿ ಕೊಡುವ ದಿನ ಹೆಂಡತಿ, ಮಗ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಗಾಡಿ ನೋಡಲು ಚೆನ್ನಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಟಿ-ಬಕೆಟ್‌ಗೆ ಎಷ್ಟೋ ಸಲ ತೆರೆಯುವ ಬಾಗಿಲೇ ಇರುವುದಿಲ್ಲ, ಪಕ್ಕದಿಂದ ಹತ್ತಿ ಒಳಗೆ ಇಳಿಯಬೇಕು. ಇಳಿದೆ. ಬೆನ್ನು ಸೀಟಿಗೆ ತಾಗಿತು. ಕಾಲು ಮಡಚಿಯೇ ಇತ್ತು. ಎಡ ಮೊಣಕಾಲು ಸ್ಟೇರಿಂಗ್‌ಗೂ ಬಾಡಿಗೂ ನಡುವೆ ಸಿಕ್ಕಿಕೊಂಡಿತು. ಬಲ ಮೊಣಕಾಲು ಸ್ಟೇರಿಂಗ್‌ನ ಕೆಳಗಿನ ಅಂಚಿಗೆ ಒತ್ತಿಕೊಂಡಿತ್ತು. ಪಾದ ಎತ್ತಿ ಒಂದು ಪೆಡಲ್‌ನಿಂದ ಇನ್ನೊಂದಕ್ಕೆ ಇಡುವುದಕ್ಕೆ ಜಾಗವೇ ಇಲ್ಲ. ಮುಂದಿನ ಗಾಜಿನ ಮೇಲಿನ ಪಟ್ಟಿ ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ. ರಸ್ತೆ ನೋಡಬೇಕಾದರೆ ತಲೆ ತಗ್ಗಿಸಬೇಕು, ಇಲ್ಲವೇ ಪಟ್ಟಿಯ ಮೇಲಿಂದ ನೋಡಬೇಕು.

ಮಾಲೀಕ ಏನು ಹೇಳಿದ ಗೊತ್ತಾ? "ಶೂ ಬಿಚ್ಚಿ ಓಡಿಸಿ."

ಶೂ ಬಿಚ್ಚಿ ಓಡಿಸಬೇಕಂತೆ!

ನಾನು ಶೂ ಹಾಕಿಕೊಂಡೇ ಅಂಗಡಿಯ ಅಂಗಳದಲ್ಲಿ ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಬ್ರೇಕ್ ಒತ್ತಿದೆ. ಶೂ ಅಂಚು ಆಕ್ಸಿಲರೇಟರ್‌ಗೂ ತಾಗಿತು. ಎಂಜಿನ್ ಗರ್ಜಿಸಿತು, ಗಾಡಿ ನುಗ್ಗಿತು. ಒಂದು ಟನ್ ಆಸುಪಾಸಿನ ಗಾಡಿಗೆ 350 ಕ್ಯೂಬಿಕ್ ಇಂಚಿನ ವಿ8. ಬ್ರೇಕ್ ಹಿಡಿಯಿತು, ಗೋಡೆ ದೂರ ಇತ್ತು, ಮಗ ಆ ಕಡೆ ನಿಂತಿರಲಿಲ್ಲ. ಬರೆಯುವಾಗಲೂ ಕೈ ನಡುಗುತ್ತಿದೆ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಆಮೇಲೆ ಹೊರಗೆ ಬರಲು ಆಗಲಿಲ್ಲ. ಇಬ್ಬರು ಕೆಲಸದವರು ಕಂಕುಳಿಗೆ ಕೈ ಕೊಟ್ಟು ಎಳೆದರು. ಸುತ್ತ ನಿಂತವರು ನಕ್ಕರು. ಮಗನ ಮುಂದೆ, ಹೆಂಡತಿಯ ಮುಂದೆ. ಆ ನಗು ಇನ್ನೂ ಕಿವಿಯಲ್ಲಿದೆ. ಕೆಲಸ ಕೆಡಿಸಿದವರು ಅವರು, ತಲೆ ತಗ್ಗಿಸಿ ನಿಂತವನು ನಾನು.

ಮಾಲೀಕನ ಮಾತುಗಳು ಒಂದೊಂದಾಗಿ ಬಂದವು. "ಇದು ಹಾಟ್ ರಾಡ್, ಸೋಫಾ ಅಲ್ಲ." "ಎಲ್ಲರೂ ಹೀಗೇ ಕೂರುವುದು." "ಸ್ವಲ್ಪ ದಿನ ಓಡಿಸಿ, ಅಭ್ಯಾಸ ಆಗುತ್ತದೆ." ಹಿಂದಿನ ರೋಲ್ ಬಾರ್, ಅಂದರೆ ಗಾಡಿ ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು, ನನ್ನ ಕಿವಿಯ ಮಟ್ಟಕ್ಕೆ ಬಂದು ನಿಂತಿತ್ತು. ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮದ ಪ್ರಕಾರ ಅದು ಡ್ರೈವರ್‌ನ ಹೆಲ್ಮೆಟ್‌ಗಿಂತ ಕನಿಷ್ಠ 3 ಇಂಚು ಮೇಲಿರಬೇಕು, ಗಾಡಿ ಮಗುಚಿದರೆ ಮೊದಲು ನೆಲಕ್ಕೆ ತಾಗುವುದು ನನ್ನ ತಲೆ ಅಂದೆ. "ನೀವೇನು ರೇಸಿಗೆ ಹೋಗುತ್ತೀರಾ?" ಅಂತ ಕೇಳಿದ. ಹಾಗಾದರೆ ರೋಲ್ ಬಾರ್ ಯಾಕೆ ಹಾಕಿದಿರಿ? ಅದಕ್ಕೂ ಬಿಲ್ ಹಾಕಿದ್ದಿರಲ್ಲ? ಉತ್ತರ ಇಲ್ಲ.

ಇಷ್ಟೇ ಆಗಿದ್ದರೆ ಕೆಲಸ ಗೊತ್ತಿಲ್ಲದವರು ಅಂದುಕೊಳ್ಳುತ್ತಿದ್ದೆ. ಆದರೆ ಇದು ಬೇರೆ.

ಗಾಡಿಯನ್ನು ಟ್ರೇಲರ್ ಮೇಲೆ ಮನೆಗೆ ತರಿಸಿದೆ. ಸ್ವಲ್ಪ ದಿನದ ಮೇಲೆ ಒಂದು ಭಾನುವಾರದ ಕಾರ್ ಮೀಟ್‌ನಲ್ಲಿ ಒಬ್ಬ ಹಿರಿಯರು ತಮ್ಮ ಟಿ-ಬಕೆಟ್ ತಂದಿದ್ದರು. ಮಾಮೂಲಿ ಉದ್ದದ ಬಾಡಿ, ಎಲ್ಲ ಅವರೇ ಕೈಯಾರೆ ಕಟ್ಟಿದ್ದು. ನನ್ನ ಕಥೆ ಕೇಳಿದವರೇ ಟೇಪು ಕೈಗೆ ಕೊಟ್ಟು, "ಫೈರ್‌ವಾಲ್‌ನಿಂದ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಬಾಡಿಯ ಹಿಂದಿನ ಅಂಚಿನವರೆಗೆ ಅಳತೆ ತೆಗೆದುಕೊಂಡು ಹೋಗಿ, ಮನೆಯಲ್ಲಿ ನಿಮ್ಮದನ್ನೂ ಅಳೆಯಿರಿ" ಅಂದರು. ಅಳೆದೆ. ಎರಡೂ ಒಂದೇ. ಕಾಲು ಇಂಚಿನ ವ್ಯತ್ಯಾಸವೂ ಇಲ್ಲ. ನಂಬಿಕೆ ಬರದೆ ಮಗನ ಕೈಯಲ್ಲಿ ಟೇಪಿನ ತುದಿ ಹಿಡಿಸಿ ಇನ್ನೊಂದು ಸಲ ಅಳೆದೆ. ಅದೇ. ಐದು ಇಂಚು ಅಂತ ದುಡ್ಡು ತೆಗೆದುಕೊಂಡು ಮಾಮೂಲಿ ಬಾಡಿ ಕೂರಿಸಿದ್ದಾರೆ. ಒಳಗೆ ಕೂರಿಸಿ ನೋಡಲು ಯಾಕೆ ಬಿಡಲಿಲ್ಲ ಅಂತ ಆಗ ಗೊತ್ತಾಯಿತು. ನೆಲ ಇಲ್ಲ, ಪೇಂಟಿಗೆ ಹೋಗಿದೆ, ಟೆನ್ಷನ್ ಬೇಡ, ಎಲ್ಲ ಇದಕ್ಕೇ.

ಆ ಹಿರಿಯರು ಆಮೇಲೆ ಮನೆಗೆ ಬಂದು ಇನ್ನೊಂದು ವಿಷಯ ತೋರಿಸಿದರು. ನನ್ನದರಂಥ ಷೆವಿ ಸ್ಮಾಲ್ ಬ್ಲಾಕ್ ಎಂಜಿನ್‌ಗೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹಿಂದುಗಡೆ ಇರುತ್ತದೆ. ಫೋರ್ಡ್ ಸ್ಮಾಲ್ ಬ್ಲಾಕ್‌ನಲ್ಲಿ ಮುಂದುಗಡೆ. ನನ್ನ ಗಾಡಿಯಲ್ಲಿ ಮುಂದೆ ರೇಡಿಯೇಟರ್‌ಗೆ ಜಾಗ ಸಾಲದೆ ಎಂಜಿನ್ ಹಿಂದಕ್ಕೆ ತಳ್ಳಿದ್ದಾರೆ. ಡಿಸ್ಟ್ರಿಬ್ಯೂಟರ್‌ಗೆ ದಾರಿ ಮಾಡಲು ಫೈರ್‌ವಾಲ್ ಕೊರೆದು ಒಳಕ್ಕೆ ಪೆಟ್ಟಿಗೆ ಥರ ಉಬ್ಬು ಮಾಡಿದ್ದಾರೆ. ಆ ಉಬ್ಬು ಬಂದಿರುವುದು ಸರಿಯಾಗಿ ನನ್ನ ಬಲಗಾಲಿನ ಕಡೆ. ಪೆಡಲ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದು ಅದಕ್ಕೇ. ಅಂದರೆ ಐದು ಇಂಚು ಕೊಡುವುದಿರಲಿ, ಇದ್ದ ಜಾಗವನ್ನೂ ಕಿತ್ತುಕೊಂಡಿದ್ದಾರೆ. ನನ್ನ ಅಳತೆ ಬರೆದುಕೊಂಡ ಕಾಗದವನ್ನು ಆಮೇಲೆ ಯಾರೂ ತೆರೆದು ನೋಡಿಲ್ಲ, ಇದು ಖಂಡಿತ.

ಫೋನ್ ಮಾಡಿದೆ. "ಉದ್ದದ ಬಾಡಿ ಆಗ ಸ್ಟಾಕ್ ಇರಲಿಲ್ಲ. ಇದರಲ್ಲೇ ಅಡ್ಜಸ್ಟ್ ಮಾಡಿದ್ದೇವೆ." ಹೇಳಲಿಲ್ಲ ಯಾಕೆ? "ನಿಮಗೆ ತಡ ಆಗಬಾರದು ಅಂತ." ದುಡ್ಡು? "ಅದು ಲೇಬರ್‌ಗೆ ಹೋಯಿತು." ಬಾಡಿ ಬದಲಾಯಿಸಿ ಕೊಡಿ ಅಂದೆ. "ಹೊಸ ಬಾಡಿ, ಹೊಸ ಬಣ್ಣ, ಎರಡರ ದುಡ್ಡೂ ನೀವೇ ಕೊಡಬೇಕಾಗುತ್ತದೆ." ಕೊನೆಗೆ ಬಂದ ಮಾತು ಇದು: "ನಿಮ್ಮ ಎತ್ತರಕ್ಕೆ ಈ ಗಾಡಿ ಆಗುವುದಿಲ್ಲ ಅಂತ ನಿಮಗೇ ಗೊತ್ತಿರಬೇಕಿತ್ತು." ಮೊದಲ ದಿನ ಟೇಪು ಹಿಡಿದು ಆಗುತ್ತದೆ ಅಂದವನೇ ಇದನ್ನು ಹೇಳಿದ್ದು. ನನ್ನ ಎತ್ತರವೇ ತಪ್ಪು ಅನ್ನುವ ಹಾಗೆ.

ಕಟ್ಟಿಸುವವರು ದಯವಿಟ್ಟು ಇಷ್ಟು ಮಾಡಿ. ನೆಲ, ಪೆಡಲ್, ಸ್ಟೇರಿಂಗ್ ಎಲ್ಲ ಬರೀ ಟ್ಯಾಕ್ ವೆಲ್ಡ್‌ನಲ್ಲಿ (ಅಲ್ಲಲ್ಲಿ ಚುಕ್ಕಿ ಇಟ್ಟು ತಾತ್ಕಾಲಿಕವಾಗಿ ಹಿಡಿಸಿದ್ದು) ಇರುವಾಗಲೇ ಹೋಗಿ ಕೂತು ನೋಡಿ. ಪೂರ್ತಿ ವೆಲ್ಡ್ ಆಗಿ ಬಣ್ಣ ಬಿದ್ದ ಮೇಲೆ ಯಾರೂ ಬಿಚ್ಚುವುದಿಲ್ಲ. ನೀವು ಓಡಿಸುವಾಗ ಹಾಕುವ ಶೂನಲ್ಲೇ ಕೂರಿ. ಸೀಟಿಗೆ ಹಾಕುವ ಫೋಮ್ ದಪ್ಪವನ್ನೂ ಇಟ್ಟು ನೋಡಿ, ಅದೇ ಎರಡು ಇಂಚು ತಿನ್ನುತ್ತದೆ. ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಪಾದ ಎತ್ತಿ ಇಡಿ, ಮೊಣಕಾಲು ಸ್ಟೇರಿಂಗ್‌ಗೆ ತಾಗಿದರೆ ಅಲ್ಲೇ ಕೆಲಸ ನಿಲ್ಲಿಸಿ. ಬಾಡಿ ಬಂದ ದಿನವೇ ಟೇಪು ಹಿಡಿದು ನೀವೇ ಅಳೆಯಿರಿ. ಕೂರಲು ಬಿಡದ ಅಂಗಡಿಗೆ ಮುಂದಿನ ಕಂತು ಕೊಡಲೇಬೇಡಿ. ಸುಮ್ನೆ ಹೇಳುತ್ತಿಲ್ಲ, ನಾನು ಕೊಟ್ಟ ಒಂದೊಂದು ಕಂತೂ ಅವರಿಗೆ ಧೈರ್ಯ ತುಂಬಿತು.

ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಮೊತ್ತದ ತಕರಾರು ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಅಲ್ಲಿ ನಮ್ಮ ಪರವಾಗಿ ವಾದಿಸಲು ವಕೀಲರು ಬರುವ ಹಾಗಿಲ್ಲ, ನಾವೇ ಹೇಳಿಕೊಳ್ಳಬೇಕು. ಕೇಸ್ ಹಾಕುವ ಮುಂಚೆ ದುಡ್ಡು ವಾಪಸ್ ಕೇಳಿರಬೇಕು, ಹಾಗಾಗಿ ಪತ್ರ ಕಳಿಸಿದ್ದೇನೆ. ಬಾಡಿಯ ದುಡ್ಡು, ರೋಲ್ ಬಾರ್ ದುಡ್ಡು, ಫೈರ್‌ವಾಲ್ ಸರಿ ಮಾಡಿಸುವ ಖರ್ಚು, ಮೂರನ್ನೂ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಲಾಸ್ ಏಂಜಲೀಸ್ ಕಡೆಯ ಕನ್ನಡದವರು ಯಾರಾದರೂ ಉದ್ದದ ಬಾಡಿ ಅಂತ ಬಿಲ್ ತೆಗೆದುಕೊಂಡು ಟಿ-ಬಕೆಟ್ ಕಟ್ಟಿಸಿದ್ದರೆ, ಇವತ್ತೇ ಗ್ಯಾರೇಜಿಗೆ ಹೋಗಿ ಅಳೆದು ನೋಡಿ. ಅಳತೆ ಕಡಿಮೆ ಬಂದರೆ ನನಗೆ ತಿಳಿಸಿ. ಬಿಲ್ಲನ್ನು ಮಾತ್ರ ಬಿಸಾಡಬೇಡಿ.