ಕಪ್ಪು ಕೋಟಿಂಗ್ ಹೊಡೆಸೋ ಮುಂಚೆ ಗಾಡಿಯ ಅಡಿ ತಗಡು ನೋಡಿ

ಮಂಡ್ಯದ ಒಂದು ಮಹೀಂದ್ರ ಎಂಎಂ 540 ಜೀಪು. ಪೂರ್ತಿ ರೆಸ್ಟೋರೇಶನ್ ಆಗಿ ಎರಡೇ ಮಳೆಗಾಲ ಕಳೆದಿತ್ತು. ಕಾಲಡಿಯ ಮ್ಯಾಟ್ ಎತ್ತಿದರೆ ತಗಡು ಉಬ್ಬಿದೆ, ಕೆಳಗೆ ಬಗ್ಗಿ ನೋಡಿದರೆ ಕೋಟಿಂಗ್ ಮಾತ್ರ ಕರ್ರಗೆ, ಚೆನ್ನಾಗಿಯೇ ಇದೆ. ಸ್ಕ್ರೂಡ್ರೈವರ್ ಒತ್ತಿದ್ದಕ್ಕೆ ನೇರ ಒಳಗೆ ಇಳಿಯಿತು. ಕೋಟಿಂಗ್ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಅದರ ಹಿಂದೆ ಇದ್ದದ್ದು ಒದ್ದೆ ತುಕ್ಕು.

ಶೆಡ್‌ನಲ್ಲಿ ಆಗಿದ್ದ ಕೆಲಸ ಇಷ್ಟು: ಮೇಲ್ಮೇಲೆ ವೈರ್ ಬ್ರಷ್, ಒಂದು ಕೈ ರೆಡ್ ಆಕ್ಸೈಡ್, ಮರುದಿನವೇ ದಪ್ಪಗೆ ಡಾಂಬರಿನ ಅಂಡರ್‌ಕೋಟಿಂಗ್. ರೆಡ್ ಆಕ್ಸೈಡ್ ಒಂಟಿ ಡಬ್ಬಿಯ ಪ್ರೈಮರ್, ಅಂದರೆ ಹಾರ್ಡನರ್ ಬೆರೆಸದೆ ನೇರ ಹೊಡೆಯುವಂಥದ್ದು, ಅದೊಂದೇ ನೀರನ್ನು ತಡೆಯುವುದಿಲ್ಲ. ಪೂರ್ತಿ ಒಣಗದೆ ಮೇಲೆ ಡಾಂಬರು ಬಿದ್ದರೆ ಅದರ ಥಿನ್ನರ್‌ಗೆ ಮತ್ತೆ ಮೆತ್ತಗಾಗುತ್ತದೆ. ಡಾಂಬರು ಹಳೆಯದಾದಂತೆ ಬಿರುಸಾಗಿ, ಜಲ್ಲಿ ಸಿಡಿದ ಕಡೆ ಬಿರುಕು ಬಿಡುತ್ತದೆ. ಕಬ್ಬಿನ ಗದ್ದೆ, ನಾಲೆ ಏರಿ ಮೇಲೆ ಓಡುವ ಗಾಡಿಗೆ ಆ ಬಿರುಕಿನಿಂದ ನುಗ್ಗಿದ ಕೆಸರುನೀರು ಹೊರಗೆ ಬರುವುದೇ ಇಲ್ಲ. ಬರೀ ತಗಡಾಗಿದ್ದರೆ ಬಿಸಿಲಿಗೆ ಒಣಗುತ್ತಿತ್ತು.

ಆದ್ದರಿಂದ ಯಾವ ಕೋಟಿಂಗ್ ಅನ್ನುವುದಕ್ಕಿಂತ ಮೊದಲು ತಗಡು ಹೇಗಿದೆ ಅಂತ ಕೇಳಿ. ಗ್ರೈಂಡರ್‌ಗೆ ಹಾಕುವ ವೈರ್ ಕಪ್ ತುಕ್ಕಿಗೇ ಪಾಲಿಶ್ ಕೊಡುತ್ತದೆ. ಕಂದುಗಪ್ಪಾಗಿ ಮಿಂಚುತ್ತದೆ, ಕಬ್ಬಿಣದಂತೆ ಕಾಣುತ್ತದೆ, ಆದರೆ ಗುಳಿಗಳೊಳಗೆ ತುಕ್ಕು ಹಾಗೇ ಉಳಿದಿರುತ್ತದೆ. 80 ನಂಬರ್ ಸ್ಯಾಂಡಿಂಗ್ ಡಿಸ್ಕ್‌ನಲ್ಲಿ ಬೆಳ್ಳಗೆ ಆಗುವವರೆಗೆ ಉಜ್ಜಬೇಕು. ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಒಳ್ಳೆಯದು, ಫ್ಲೋರ್ ತಗಡಿಗೆ ಬೇಡ, ಸೊಟ್ಟಗಾಗುತ್ತದೆ. ರಸ್ಟ್ ಕನ್ವರ್ಟರ್ (ತುಕ್ಕಿನ ಜೊತೆ ಸೇರಿ ಅದನ್ನು ಬದಲಿಸುವ ಆ್ಯಸಿಡ್ ದ್ರಾವಣ) ಬಳಸಿದರೆ ಡಬ್ಬಿ ಮೇಲೆ ಹೇಳಿದಂತೆ ಆ್ಯಸಿಡ್ ಉಳಿಯದ ಹಾಗೆ ತೊಳೆದು ಒಣಗಿಸಿ. ಆ್ಯಸಿಡ್ ಉಳಿದರೆ ಮುಂದೆ ಹೊಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗದು.

ಉಜ್ಜಿದ ದಿನವೇ ಎರಡು ಡಬ್ಬಿಯ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ, ಎಪಾಕ್ಸಿ ಪ್ರೈಮರ್, ಎರಡು ಕೈ. ಹಾರ್ಡನರ್ ಅದೇ ಕಂಪನಿಯದ್ದಾಗಿರಲಿ, ಅಳತೆ ಡಬ್ಬಿ ಮೇಲಿರುವಷ್ಟೇ ಇರಲಿ, ಅಂದಾಜು ಬೇಡ. ಜಿಟಿಜಿಟಿ ಮಳೆಯ ದಿನ, ತಗಡು ಬೆವರಿರುವ ಬೆಳಗಿನ ಹೊತ್ತು ಹೊಡೆಯಲೇಬಾರದು. ಬೆಸುಗೆ ಜೋಡಣೆಗಳಿಗೆ ಪಿಯು (ಪಾಲಿಯುರೆಥೇನ್) ಸೀಲರ್ ಹಾಕುವುದು ಎಪಾಕ್ಸಿ ಆದಮೇಲೆ, ಬರೀ ತಗಡಿನ ಮೇಲಲ್ಲ. ಚಕ್ರದ ಗೂಡಿಗೆ ಮಾತ್ರ ಜಲ್ಲಿ ತಡೆಯುವ ಕೋಟಿಂಗ್ ಸಾಕು. ಉಳಿದ ಕಡೆ ಎರಡು ಡಬ್ಬಿಯ ಪಿಯು ಪೇಂಟ್, ಅದೂ ಬೂದು ಬಣ್ಣದ್ದು. ಕಪ್ಪಿನಲ್ಲಿ ತುಕ್ಕಿನ ಕಲೆ ಕಾಣುವುದಿಲ್ಲ, ಬೂದು ಬಣ್ಣದಲ್ಲಿ ಮೊದಲ ಕಲೆಯೇ ಕಾಣುತ್ತದೆ. ಪಿಯು ಹಾರ್ಡನರ್‌ನಲ್ಲಿ ಐಸೋಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿ ಹೊಡೆಯುವ ಹುಡುಗರಿಗೆ ಕಾರ್ಟ್ರಿಜ್ ಮಾಸ್ಕ್ ಕೊಡಿಸಿ, ದಯವಿಟ್ಟು.

ಡ್ರೈನ್ ತೂತುಗಳು, ಬ್ರೇಕ್ ಹೋಸ್, ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಗ್ರೀಸ್ ನಿಪ್ಪಲ್ ಎಲ್ಲಕ್ಕೂ ಮೊದಲೇ ಟೇಪ್ ಹಚ್ಚಿಸಿ. ಚಾಸಿ ನಂಬರ್ ಮುಚ್ಚಿಹೋದರೆ ಆರ್‌ಟಿಒದಲ್ಲಿ ಗಾಡಿ ತೋರಿಸುವಾಗ ಒದ್ದಾಟ. ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಲ್ಲಿ ಬಾಗಿಲಡಿಯ ಸಿಲ್ ಒಳಗಿನ ಟೊಳ್ಳಿಗೆ ಪೇಂಟ್ ತಲುಪದು, ಅಲ್ಲಿಗೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿಗೆ ಹೊಡೆಯುವ ಮೇಣ) ಹೊಡೆಸಿ. ಹಳೇ ಎಂಜಿನ್ ಆಯಿಲ್ ಎರಚುವುದು ಬೇಡ, ರಬ್ಬರ್ ಬುಷ್‌ಗಳು ಊದಿಕೊಳ್ಳುತ್ತವೆ.

"ಎಪಾಕ್ಸಿನೇ ಹೊಡೆದಿದ್ದೀವಿ ಸಾರ್" ಅಂದರೆ, ಮೇಲಿನ ಕೋಟ್ ಬೀಳುವ ಮುಂಚೆ ಹೋಗಿ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ. ಒಂಟಿ ಡಬ್ಬಿಯ ಪ್ರೈಮರ್ ಕರಗಿ ಬಟ್ಟೆಗೆ ಬಣ್ಣ ಹತ್ತುತ್ತದೆ. ಚೆನ್ನಾಗಿ ಗಟ್ಟಿಯಾದ ಎಪಾಕ್ಸಿ ಹಾಗೆ ಕರಗುವುದಿಲ್ಲ.

ಈಗಾಗಲೇ ಡಾಂಬರು ಹೊಡೆಸಿದ್ದರೆ ಹೀಟ್ ಗನ್, ಸ್ಕ್ರೇಪರ್‌ನಿಂದ ತೆಗೆಸಿ. ಗ್ರೈಂಡರ್ ಡಿಸ್ಕ್ ಅಂಟಿಗೆ ಕಟ್ಟಿಕೊಳ್ಳುತ್ತದೆ. ಡಾಂಬರು ಪೂರ್ತಿ ಹೋಗದೆ ವೆಲ್ಡಿಂಗ್ ಮಾಡಲು ಬಿಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.